ಸ್ಟಾರ್ಟರ್ ಕಾರ್ಡ್‌ಗೆ ಯಾವ ಚಿಪ್: ಅಳಿಸಿ ಬರೆಯೋದೋ, ಒಂದೇ ಸಲ ಬರೆಯೋದೋ?

ಪ್ರಶ್ನೆ: ಸರ್, ನಾನು ಮಂಡ್ಯದ ಹತ್ತಿರ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುತ್ತೇನೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆಗಿದೆ. ಈಗ ನಾನೇ ಡ್ರೈ ರನ್ (ನೀರಿಲ್ಲದೆ ಪಂಪ್ ಓಡುವುದು) ಮತ್ತು ಸಿಂಗಲ್ ಫೇಸ್ ತಡೆಯುವ ಕಾರ್ಡ್ ಮಾಡಿ ಕೊಡುತ್ತಿದ್ದೇನೆ, ವರ್ಷಕ್ಕೆ ಇನ್ನೂರರ ಹತ್ತಿರ. ನಾಲ್ಕು ವಿಷಯದಲ್ಲಿ ಗೊಂದಲ ಇದೆ. ಒಂದು ಹಳೇ ಪ್ಯಾನಲ್‌ನಲ್ಲಿ ಚಿಪ್ ಮೇಲಿನ ಸ್ಟಿಕ್ಕರ್ ಕಿತ್ತಾಗ ಕೆಳಗೆ ಗಾಜಿನ ಕಿಟಕಿ ಕಾಣಿಸಿತು, ಇದನ್ನು ಕಾಪಿ ಮಾಡಬಹುದಾ? ಬೇರೆ ಕಾರ್ಡ್‌ಗಳಿಂದ ತೆಗೆದ ಎರಡು ಪಿಕ್ 12ಎಫ್675 ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ತುಂಬಿ ಓಡಿಸುವ ಪುಟ್ಟ ಕಂಪ್ಯೂಟರ್ ಚಿಪ್) ಅಳಿಸಿ ನನ್ನ ಪ್ರೋಗ್ರಾಂ ಹಾಕಿದೆ. ಒಂದು ಶುರುವೇ ಆಗಲ್ಲ, ಇನ್ನೊಂದರ ಟೈಮರ್ ತಪ್ಪುತ್ತದೆ, ಯಾಕೆ? ಬೆಂಗಳೂರಿನ ಎಸ್.ಪಿ. ರೋಡ್‌ನ ಅಂಗಡಿಯವರು ಒಟಿಪಿ (ಒಂದೇ ಸಲ ಬರೆಯಬಹುದಾದ) ಚಿಪ್ ತುಂಬಾ ಅಗ್ಗ, ಒಟ್ಟಿಗೆ ತಗೊಳ್ಳಿ ಅಂತಾರೆ, ತಗೊಳ್ಳಲಾ? ಕೊನೆಯದು, ನನ್ನ ಎಟಿಮೆಗಾ328ಪಿ ಕಾರ್ಡ್ ಪಂಪ್ ಓಡಿದ ನಿಮಿಷಗಳನ್ನು ಇಇಪ್ರಾಂನಲ್ಲಿ (ಕರೆಂಟ್ ಹೋದರೂ ಉಳಿಯುವ, ಕರೆಂಟಿನಿಂದಲೇ ಅಳಿಸಿ ಬರೆಯುವ ಮೆಮೊರಿ) ಬರೆದಿಡುತ್ತದೆ. ಏಳೆಂಟು ತಿಂಗಳಾದ ಮೇಲೆ ಕೆಲವು ಕಾರ್ಡ್‌ಗಳಲ್ಲಿ ಲೆಕ್ಕ ಹುಚ್ಚಾಪಟ್ಟೆ ಬರುತ್ತಿದೆ. ಚಿಪ್ ಡೂಪ್ಲಿಕೇಟಾ?

ಉತ್ತರ:

ಮೊದಲು ಎರಡು ಅರ್ಜೆಂಟ್ ಮಾತು. ಆ ಕಿಟಕಿ ಚಿಪ್ ಮೇಲೆ ಇವತ್ತೇ ಮತ್ತೆ ಸ್ಟಿಕ್ಕರ್ ಅಂಟಿಸಿ. ಕಪ್ಪು ಇನ್ಸುಲೇಷನ್ ಟೇಪ್ ಆದರೂ ಸರಿ, ಬೆಳಕು ಒಳಗೆ ಹೋಗಬಾರದು. ಎರಡನೆಯದು, ಒಟಿಪಿ ಚಿಪ್‌ಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಕೊಡಬೇಡಿ. ವರ್ಷಕ್ಕೆ ಇನ್ನೂರು ಕಾರ್ಡ್ ಮಾಡುವವರಿಗೆ ಅದು ಅಗ್ಗ ಅಲ್ಲ. ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ನಾಲ್ಕು ಪ್ರಶ್ನೆಗಳೂ ಒಂದೇ ಬೇರಿನಿಂದ ಬಂದಿವೆ. ಚಿಪ್ ಒಳಗೆ ಪ್ರೋಗ್ರಾಂ ಹೇಗೆ ಕೂತಿದೆ, ಅದನ್ನು ಯಾವುದರಿಂದ ಅಳಿಸಬಹುದು, ಅಳಿಸಿದಾಗ ಜೊತೆಗೆ ಇನ್ನೇನು ಹೋಗುತ್ತದೆ, ಇಷ್ಟೇ ವಿಷಯ. ಚಿಪ್ ಕೊಳ್ಳುವಾಗ ನಾವು ಸ್ಪೀಡ್ ನೋಡುತ್ತೇವೆ, ಕಾಲು ಎಷ್ಟು ನೋಡುತ್ತೇವೆ, ರೇಟು ನೋಡುತ್ತೇವೆ. ಇದೊಂದನ್ನು ಮಾತ್ರ ಸುಮ್ನೆ ಬಿಟ್ಟುಬಿಡುತ್ತೇವೆ. ಕಾರ್ಡ್ ವಾಪಸ್ ಬಂದಾಗ ನೋವು ಕೊಡುವುದು ಇದೇ.

ಅಳಿಸಲು ಬಾರದ ಮೆಮೊರಿಯಲ್ಲಿ ಹಳೆಯದೊಂದು ಮಾಸ್ಕ್ ರಾಮ್ (ROM, ಓದಲು ಮಾತ್ರ ಬರುವ ಮೆಮೊರಿ). ಇದರಲ್ಲಿ ಪ್ರೋಗ್ರಾಂ ಅನ್ನು ಆಮೇಲೆ ತುಂಬುವುದೇ ಇಲ್ಲ. ಚಿಪ್ ತಯಾರಾಗುವಾಗಲೇ ಅದರ ಒಂದು ಪದರದ ನಕ್ಷೆಯಲ್ಲಿ ಅದು ಸೇರಿರುತ್ತದೆ. ನಿಮ್ಮ ಕಡೆಯ ಆಲೆಮನೆಯಲ್ಲಿ ಅಚ್ಚು ಬೆಲ್ಲ ಹೊಯ್ಯುವ ಹಾಗೆ, ಅಚ್ಚು ಹೇಗಿದೆಯೋ ಬೆಲ್ಲ ಹಾಗೆ. ಅಚ್ಚು ಮಾಡಿಸಲು ಮೊದಲೇ ದೊಡ್ಡ ದುಡ್ಡು ಬೇಕು, ಸಾವಿರಗಟ್ಟಲೆ ಚಿಪ್ ಆರ್ಡರ್ ಬೇಕು, ವಾರಗಟ್ಟಲೆ ಕಾಯಬೇಕು. ಪ್ರೋಗ್ರಾಂನಲ್ಲಿ ಒಂದು ತಪ್ಪಿದ್ದರೆ ಇಡೀ ಲಾಟ್ ಕಸದ ಬುಟ್ಟಿಗೆ. ಗೋಡೆ ಗಡಿಯಾರ, ಕ್ಯಾಲ್ಕುಲೇಟರ್, ಆಟದ ಸಾಮಾನಿನ ಕಾರ್ಡ್‌ನಲ್ಲಿ ಕಪ್ಪು ಎಪಾಕ್ಸಿ ಬೊಟ್ಟು ನೋಡಿರುತ್ತೀರಲ್ಲ, ಅದರ ಕೆಳಗೆ ಹೆಚ್ಚಾಗಿ ಇಂಥದ್ದೋ ಅಥವಾ ಒಟಿಪಿಯೋ ಇರುತ್ತದೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ, ಟೈಮ್ ವೇಸ್ಟ್. ಹಾಗಂತ ಮಾಸ್ಕ್ ರಾಮ್ ಸತ್ತುಹೋಗಿದೆ ಅಂದುಕೊಳ್ಳಬೇಡಿ. ರಾಸ್ಪ್‌ಬೆರಿ ಪೈ ಪಿಕೊದಲ್ಲಿರುವ ಆರ್‌ಪಿ2040 ಚಿಪ್‌ನಲ್ಲಿ 16 ಕೆಬಿ ಬೂಟ್ ರಾಮ್ ಇದೇ ಜಾತಿಯದು. ನೀವು ಎಂಥ ತಪ್ಪು ಪ್ರೋಗ್ರಾಂ ಹಾಕಿದರೂ ಬಟನ್ ಒತ್ತಿ ಯುಎಸ್‌ಬಿ ಚುಚ್ಚಿದರೆ ಪಿಕೊ ಮತ್ತೆ ಎದ್ದು ಕೂರುತ್ತದಲ್ಲ, ಅದು ಆ ಅಳಿಸಲಾಗದ ಭಾಗದ ಉಪಕಾರ. ನಮ್ಮ ಪ್ರೋಗ್ರಾಂ ಮಾತ್ರ ಹೊರಗಿನ, ಕರೆಂಟಿನಿಂದಲೇ ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಚಿಪ್‌ನಲ್ಲಿ ಇರುತ್ತದೆ.

ಈಗ ನಿಮ್ಮ ಕಿಟಕಿ ಚಿಪ್‌ಗೆ ಬರೋಣ. ಅದು ಇಪ್ರಾಂ, ಅಂದರೆ ಬೆಳಕಿನಿಂದ ಅಳಿಸಿ ಮತ್ತೆ ಬರೆಯುವ ಮೆಮೊರಿ. ಇಂಟೆಲ್‌ನಲ್ಲಿದ್ದ ಡೊವ್ ಫ್ರೋಮನ್ 1971ರಲ್ಲಿ ಇದನ್ನು ತಂದರು. ಮೊದಲ ಚಿಪ್ 1702, ಅದರಲ್ಲಿ ಹಿಡಿಸುತ್ತಿದ್ದದ್ದು ಬರೀ 2048 ಬಿಟ್. ಒಳಗಿನ ಕೆಲಸ ಹೀಗೆ. ಪ್ರತಿ ಬಿಟ್‌ಗೂ ಒಂದು ಟ್ರಾನ್ಸಿಸ್ಟರ್ ಇದೆ, ಅದರಲ್ಲಿ ಯಾವುದಕ್ಕೂ ತಾಗದೆ ಆಕ್ಸೈಡ್ ಮಧ್ಯೆ ಹೂತಿರುವ ಒಂದು ಗೇಟ್ ಇದೆ. ಜಾಸ್ತಿ ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನ್‌ಗಳು ಆ ಗೇಟ್‌ಗೆ ಹಾರಿ ಸಿಕ್ಕಿಹಾಕಿಕೊಳ್ಳುತ್ತವೆ. ಸಿಕ್ಕಿಕೊಂಡಿದ್ದರೆ ಆ ಬಿಟ್ 0. ಖಾಲಿ ಇದ್ದರೆ 1. ಅದಕ್ಕೇ ಅಳಿಸಿದ ಚಿಪ್ ಓದಿದರೆ ಎಲ್ಲ ಕಡೆ ಎಫ್ಎಫ್ (ಎಂಟೂ ಬಿಟ್ 1 ಇರುವ ಬೈಟ್) ಕಾಣಿಸುತ್ತದೆ. ಬರೆಯುವುದು ಅಂದರೆ 1 ಅನ್ನು 0 ಮಾಡುವುದು ಮಾತ್ರ. 0 ಅನ್ನು ಮತ್ತೆ 1 ಮಾಡಲು ಅಳಿಸಲೇಬೇಕು. ಈ ಮಾತನ್ನು ಗಟ್ಟಿಯಾಗಿ ನೆನಪಿಡಿ, ಒಟಿಪಿ ವಿಷಯದಲ್ಲಿ ಮತ್ತೆ ಬರುತ್ತದೆ.

ಅಳಿಸಲು ಅಲ್ಟ್ರಾವಯೊಲೆಟ್ ಬೆಳಕು ಬೇಕು, 253.7 ನ್ಯಾನೊಮೀಟರ್‌ನದು. ಆ ಬೆಳಕು ಬಿದ್ದಾಗ ಎಲೆಕ್ಟ್ರಾನ್‌ಗಳಿಗೆ ಆಕ್ಸೈಡ್ ದಾಟಿ ಹೊರಬರುವಷ್ಟು ಶಕ್ತಿ ಸಿಗುತ್ತದೆ. ಮಾಮೂಲಿ ಗಾಜು ಈ ಬೆಳಕನ್ನು ತಡೆಯುತ್ತದೆ, ಹಾಗಾಗಿ ಕಿಟಕಿಗೆ ಕ್ವಾರ್ಟ್ಸ್ ಹಾಕಿರುತ್ತಾರೆ. ಇರೇಸರ್ ಟ್ಯೂಬ್‌ನಿಂದ ಒಂದು ಇಂಚು ದೂರದಲ್ಲಿ ಇಟ್ಟರೆ 15-20 ನಿಮಿಷ ಸಾಕು. ನೋಟು ಪರೀಕ್ಷಿಸುವ ನೀಲಿ ಲೈಟಿನಿಂದ ಆಗಲ್ಲ, ಅದರ ಬೆಳಕು ಬೇರೆ. ಮನೆಯ ನೀರಿನ ಫಿಲ್ಟರ್ ಒಳಗೆ ಕ್ರಿಮಿ ಕೊಲ್ಲಲು ಇರುವ ಯುವಿ ಟ್ಯೂಬ್ ಮಾತ್ರ ಇದೇ ಜಾತಿಯದು. ಉರಿಯುತ್ತಿರುವಾಗ ಅದನ್ನು ಬರಿಗಣ್ಣಿಂದ ನೋಡಬೇಡಿ. ಕಣ್ಣಿಗೂ ಚರ್ಮಕ್ಕೂ ನಿಜವಾಗಿ ಅಪಾಯ, ಡಬ್ಬಿಯೊಳಗೆ ಮುಚ್ಚಿ ಉರಿಸಿ.

ಸ್ಟಿಕ್ಕರ್ ಬಗ್ಗೆ ನಾನು ಅಷ್ಟು ಅವಸರ ಮಾಡಿದ್ದು ಯಾಕೆ ಅಂದರೆ, ಸೂರ್ಯನ ಬೆಳಕಿನಲ್ಲೂ ಸ್ವಲ್ಪ ಯುವಿ ಇದೆ. ಇಂಟೆಲ್‌ನ ಡೇಟಾಶೀಟ್ ಹೇಳುವಂತೆ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರದಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಸುಮಾರು 3 ವರ್ಷದಲ್ಲಿ ಚಿಪ್ ಅಳಿಸಿಹೋಗಬಹುದು. ತೋಟದಲ್ಲಿ ಬಾಗಿಲು ಕಿತ್ತುಹೋದ ಸ್ಟಾರ್ಟರ್ ಡಬ್ಬಿ ಎಷ್ಟು ನೋಡಿಲ್ಲ ನೀವು!

ಕಾಪಿ ಮಾಡಬಹುದಾ ಅಂದಿರಿ. ಆ ಪ್ಯಾನಲ್‌ನಲ್ಲಿ 8031 ಅನ್ನುವ 40 ಕಾಲಿನ ಚಿಪ್, ಪಕ್ಕದಲ್ಲಿ 74ಎಲ್ಎಸ್373, ಅದರ ಪಕ್ಕ 28 ಕಾಲಿನ ಕಿಟಕಿ ಚಿಪ್ ಇದ್ದರೆ, ಪ್ರೋಗ್ರಾಂ ಪೂರ್ತಿ ಆ ಕಿಟಕಿ ಚಿಪ್‌ನಲ್ಲಿದೆ. 8031ರಲ್ಲಿ ಪ್ರೋಗ್ರಾಂ ಮೆಮೊರಿಯೇ ಇಲ್ಲ. ಹೊರಗಿನ 2764ಕ್ಕೆ (ಆ ಥರದ ಕಿಟಕಿ ಚಿಪ್ ಮೇಲೆ ಇರುವ ಹೆಸರು) ಲಾಕ್ ಅನ್ನುವುದು ಇರುವುದಿಲ್ಲ, ಯಾವ ಪ್ರೋಗ್ರಾಮರ್‌ನಲ್ಲೂ ಓದಬಹುದು. ಆ ಪ್ಯಾನಲ್ ಅನ್ನೇ ಉಳಿಸಿಕೊಳ್ಳಲು ಒಂದು ಬ್ಯಾಕಪ್ ಇಟ್ಟುಕೊಳ್ಳಿ. ಅದೇ ಪ್ರೋಗ್ರಾಂ ಹಾಕಿ ಹೊಸ ಕಾರ್ಡ್ ಮಾರಬೇಡಿ. ಬರೆದವರ ಶ್ರಮ ಅದು, ಕಾಪಿರೈಟ್ ಕಾನೂನೂ ಅದನ್ನು ಕಾಯುತ್ತದೆ.

ಓದುವಾಗ ಒಂದು ಸಲ ಓದಿ ಸೇವ್ ಮಾಡಿ ಎದ್ದುಬಿಡಬೇಡಿ. ಮೂರು ಸಲ ಓದಿ, ಮೂರು ಫೈಲನ್ನೂ ಹೋಲಿಸಿ. ಒಂದು ಬೈಟ್ ಆದರೂ ಬೇರೆ ಬಂದರೆ ಎಲೆಕ್ಟ್ರಾನ್ ಸೋರಿ ಆ ಬಿಟ್ ದುರ್ಬಲವಾಗಿದೆ ಅಂತ ಅರ್ಥ. ಆಗ ನಿಮ್ಮ ಪ್ರೋಗ್ರಾಮರ್‌ನಲ್ಲಿ ಅವಕಾಶ ಇದ್ದರೆ 5 ವೋಲ್ಟ್ ಬದಲು 4.5 ವೋಲ್ಟ್‌ನಲ್ಲಿ ಓದಿ. ವೋಲ್ಟೇಜ್ ಕಡಿಮೆ ಇದ್ದಾಗ ದುರ್ಬಲ 0 ಕೂಡ 0 ಆಗಿಯೇ ಕಾಣಿಸುತ್ತದೆ. ಸರಿಯಾದ ಫೈಲ್ ಸಿಕ್ಕ ಮೇಲೆ ಅಳಿಸದೇ ಅದೇ ಫೈಲನ್ನು ಅದೇ ಚಿಪ್ ಮೇಲೆ ಇನ್ನೊಮ್ಮೆ ಬರೆಯಿರಿ. ಇರುವ 0ಗಳಿಗೆ ಮತ್ತೆ ಎಲೆಕ್ಟ್ರಾನ್ ತುಂಬುತ್ತದೆ, ಚಿಪ್‌ಗೆ ಹೊಸ ಆಯಸ್ಸು ಬರುತ್ತದೆ. ಬರೆಯುವ ಮುಂಚೆ ಚಿಪ್ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿ. ಇಂಟೆಲ್‌ನ 2764ಕ್ಕೆ 21 ವೋಲ್ಟ್ ಬೇಕು, 2764ಎಗೆ 12.5 ವೋಲ್ಟ್. ಆ ಒಂದು ಅಕ್ಷರ ನೋಡದೆ 21 ಕೊಟ್ಟರೆ ಚಿಪ್ ಸುಟ್ಟಿತು, ಒಳಗಿದ್ದ ಪ್ರೋಗ್ರಾಂ ಸಮೇತ.

ಚಿಪ್ಪೇ ಬದಲಿಸಬೇಕು ಅಂದರೆ 2764 ಜಾಗಕ್ಕೆ 28ಸಿ64 ಇಇಪ್ರಾಂ ನೇರ ಕೂರುತ್ತದೆ. ಬರೆಯಲು ಯುವಿ ಬೇಡ, 5 ವೋಲ್ಟ್ ಸಾಕು. ಆದರೆ 27256 ಇದ್ದಲ್ಲಿ 28ಸಿ256 ಕೂರಿಸಬೇಡಿ. 27256ರಲ್ಲಿ ಎ14 ಅಡ್ರೆಸ್ ಲೈನ್ 27ನೇ ಕಾಲಿನಲ್ಲಿದೆ, 28ಸಿ256ರಲ್ಲಿ ಅದು 1ನೇ ಕಾಲಿಗೆ ಹೋಗಿದೆ, 27ನೇ ಕಾಲು ರೈಟ್ ಲೈನ್ ಆಗಿದೆ. ಹಾಗೇ ಹಾಕಿದರೆ ಓದುವಾಗಲೇ ಅದು ತನ್ನನ್ನು ತಾನು ಕೆಡಿಸಿಕೊಳ್ಳಬಹುದು.

ಕಿಟಕಿ ಇರುವುದು ಬರೀ ಮೆಮೊರಿ ಚಿಪ್‌ಗೆ ಅಲ್ಲ. 1976ರ ಇಂಟೆಲ್ 8048 ಕುಟುಂಬದಲ್ಲೇ 8748 ಅಂತ ಕಿಟಕಿಯ ಮೈಕ್ರೋಕಂಟ್ರೋಲರ್ ಇತ್ತು. 8051 ಬಂದಾಗ ಅದಕ್ಕೂ 8751 ಬಂತು. ಆಗಿನ ಪದ್ಧತಿ ಹೀಗಿತ್ತು: ಪ್ರಯೋಗಕ್ಕೆ ಕಿಟಕಿ ಚಿಪ್, ಸಣ್ಣ ಲಾಟ್‌ಗೆ ಒಟಿಪಿ, ದೊಡ್ಡ ಲಾಟ್‌ಗೆ ಮಾಸ್ಕ್ ರಾಮ್. ಒಟಿಪಿ ಅಂದರೆ ಬೇರೇನೋ ಅಲ್ಲ, ಒಳಗೆ ಅದೇ ಇಪ್ರಾಂ. ಕ್ವಾರ್ಟ್ಸ್ ಕಿಟಕಿಯ ಸೆರಾಮಿಕ್ ಕವಚ ದುಬಾರಿ, ಅದರ ಬದಲು ಪ್ಲಾಸ್ಟಿಕ್ ಹಾಕಿದರು. ಬೆಳಕು ಹೋಗಲು ದಾರಿ ಇಲ್ಲ, ಹಾಗಾಗಿ ಒಂದು ಸಲ ಬರೆದರೆ ಮುಗಿಯಿತು.

ಹೆಸರು ನೋಡಿ ಗುರುತಿಸುವುದು ಕಲಿತುಕೊಳ್ಳಿ. 8051 ಮನೆತನದಲ್ಲಿ 31 ಅಂತ ಮುಗಿದರೆ ಒಳಗೆ ಪ್ರೋಗ್ರಾಂ ಮೆಮೊರಿ ಇಲ್ಲ. 87 ಅಂತ ಶುರುವಾದರೆ ಇಪ್ರಾಂ, ಕಿಟಕಿ ಇದ್ದರೆ ಅಳಿಸಬಹುದು, ಪ್ಲಾಸ್ಟಿಕ್ ಆದರೆ ಒಟಿಪಿ. 89 ಅಂದರೆ ಫ್ಲ್ಯಾಶ್. ಪಿಕ್‌ನಲ್ಲಿ ಸಂಖ್ಯೆಯ ಮಧ್ಯೆ ಸಿ ಇದ್ದರೆ ಸಾಮಾನ್ಯವಾಗಿ ಒಟಿಪಿ, ಕೊನೆಯಲ್ಲಿ ಜೆಡಬ್ಲ್ಯೂ ಇದ್ದರೆ ಕಿಟಕಿ, ಸಿಆರ್ ಇದ್ದರೆ ಮಾಸ್ಕ್ ರಾಮ್, ಎಫ್ ಇದ್ದರೆ ಫ್ಲ್ಯಾಶ್. ಬರೀ ಸಿ ಅಕ್ಷರ ನಂಬಿ ಕೂರಬೇಡಿ ಮಾತ್ರ. ಎಟಿ89ಸಿ51ರಲ್ಲೂ ಸಿ ಇದೆ, ಅದು ಫ್ಲ್ಯಾಶ್. 1993ರಲ್ಲಿ ಬಂದ ಪಿಕ್ 16ಸಿ84ರಲ್ಲೂ ಸಿ ಇದೆ, ಅದರ ಪ್ರೋಗ್ರಾಂ ಇರುವುದು ಇಇಪ್ರಾಂನಲ್ಲಿ, ಕರೆಂಟಿನಿಂದಲೇ ಅಳಿಸಬಹುದು. ಮನೆಯ ಮೇಜಿನ ಮೇಲೆ ಕೂತು ಮೈಕ್ರೋಕಂಟ್ರೋಲರ್ ಕಲಿಯುವವರಿಗೆ ಆ ಚಿಪ್ ಒಂದು ವರ ಆಗಿತ್ತು. ಇರೇಸರ್ ಬೇಡ, ಇಪ್ಪತ್ತು ನಿಮಿಷ ಕಾಯುವುದು ಬೇಡ. ಆಮೇಲೆ ಬಂದ ಪಿಕ್ 16ಎಫ್84 ಅದೇ ಕೆಲಸವನ್ನು ಫ್ಲ್ಯಾಶ್‌ನಲ್ಲಿ ಮಾಡಿತು. ಫ್ಲ್ಯಾಶ್ ಮೆಮೊರಿ ತೋಶಿಬಾದ ಫುಜಿಯೊ ಮಸುವೊಕಾ ಅವರ ಕೊಡುಗೆ. ಇಇಪ್ರಾಂನಲ್ಲಿ ಒಂದೊಂದೇ ಬೈಟ್ ಅಳಿಸಬಹುದು, ಫ್ಲ್ಯಾಶ್‌ನಲ್ಲಿ ಒಂದು ಬ್ಲಾಕ್ ಪೂರ್ತಿ ಅಳಿಸಬೇಕು. ಅದರಿಂದ ಫ್ಲ್ಯಾಶ್‌ಗೆ ಜಾಗ ಕಡಿಮೆ ಸಾಕು, ಬೆಲೆಯೂ ಇಳಿಯಿತು.

ಇಲ್ಲಿಂದ ನಿಮ್ಮ 12ಎಫ್675. ಚಿಪ್ ಕೆಟ್ಟಿಲ್ಲ, ಎರಡೂ ಚೆನ್ನಾಗಿವೆ. ಅಳಿಸುವಾಗ ಪ್ರೋಗ್ರಾಂ ಜೊತೆ ಇನ್ನೊಂದು ವಸ್ತು ಹೋಗಿದೆ, ಅಷ್ಟೇ.

ಈ ಚಿಪ್ ಒಳಗೆ 4 ಮೆಗಾಹರ್ಟ್ಸ್‌ನ ಆಸಿಲೇಟರ್ (ಚಿಪ್ ಒಳಗಿನ ಗಡಿಯಾರ) ಇದೆ. ಪ್ರತಿ ಚಿಪ್‌ನಲ್ಲೂ ಅದು ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಅದಕ್ಕೆ ಫ್ಯಾಕ್ಟರಿಯಲ್ಲೇ ಅಳೆದು, ಆ ಚಿಪ್‌ಗೆ ಸರಿಹೊಂದುವ ಸಂಖ್ಯೆಯನ್ನು ಪ್ರೋಗ್ರಾಂ ಮೆಮೊರಿಯ ಕೊನೇ ಜಾಗದಲ್ಲಿ, ಹೆಕ್ಸ್ 3ಎಫ್ಎಫ್‌ನಲ್ಲಿ, ಒಂದು ರೆಟ್‌ಎಲ್‌ಡಬ್ಲ್ಯೂ ಆದೇಶವಾಗಿ (ಒಂದು ಸಂಖ್ಯೆ ಹಿಡಿದು ವಾಪಸ್ ಬರುವ ಆದೇಶ) ಬರೆದಿರುತ್ತಾರೆ. ಪ್ರೋಗ್ರಾಂ ಶುರುವಾದ ಕೂಡಲೇ 3ಎಫ್ಎಫ್ ಅನ್ನು ಕಾಲ್ ಮಾಡಿ, ಬಂದ ಸಂಖ್ಯೆಯನ್ನು ಆ ಆಸಿಲೇಟರ್ ವೇಗ ಹೊಂದಿಸುವ ಆಸ್ಕ್‌ಕ್ಯಾಲ್ ರಿಜಿಸ್ಟರ್‌ಗೆ ಹಾಕಬೇಕು. ಆ ಜಾಗ ಇರುವುದು ಫ್ಲ್ಯಾಶ್‌ನಲ್ಲೇ. ಪೂರ್ತಿ ಅಳಿಸಿದರೆ ಅದೂ ಅಳಿಸಿತು.

ಶುರುವೇ ಆಗದ ಚಿಪ್‌ನಲ್ಲಿ ನಡೆಯುತ್ತಿರುವುದು ಇದು. ನಿಮ್ಮ ಪ್ರೋಗ್ರಾಂ 3ಎಫ್ಎಫ್‌ಗೆ ಕಾಲ್ ಮಾಡುತ್ತದೆ. ಅಲ್ಲಿ ಈಗ ಖಾಲಿ, ಅಂದರೆ ಎಲ್ಲ ಬಿಟ್ 1. ಚಿಪ್ ಅದನ್ನೂ ಒಂದು ಕೂಡಿಸುವ ಆದೇಶ ಅಂತಲೇ ಓದುತ್ತದೆ. ವಾಪಸ್ ಬರುವ ಆದೇಶ ಅಲ್ಲಿ ಇಲ್ಲ. ಹಾಗಾಗಿ ಮುಂದಿನ ಜಾಗಕ್ಕೆ ಹೋಗುತ್ತದೆ, ಮೆಮೊರಿ ಮುಗಿದಿರುವುದರಿಂದ ಸುತ್ತಿಕೊಂಡು ಸೊನ್ನೆಗೆ ಬರುತ್ತದೆ, ಪ್ರೋಗ್ರಾಂ ಮತ್ತೆ ಮೊದಲಿನಿಂದ ಶುರು, ಮತ್ತೆ 3ಎಫ್ಎಫ್‌ಗೆ ಕಾಲ್. ಕರೆಂಟ್ ಇರುವ ತನಕ ಇದೇ ಸುತ್ತು. ಟೈಮರ್ ತಪ್ಪುವ ಚಿಪ್‌ಗೆ ಹಾಕಿದ ಪ್ರೋಗ್ರಾಂನಲ್ಲಿ ಆ ಕಾಲ್ ಇರಲಿಕ್ಕಿಲ್ಲ, ಬೇರೆ ವರ್ಷನ್ ಹಾಕಿದ್ದೀರಾ ನೋಡಿ. ಅಲ್ಲಿ ಆಸ್ಕ್‌ಕ್ಯಾಲ್ ಮಧ್ಯದ ಬೆಲೆಯಲ್ಲೇ ನಿಂತಿದೆ, ಅದರಿಂದ ಗಡಿಯಾರ ಹಿಂದೆ ಮುಂದೆ ಆಗುತ್ತಿದೆ.

ಸರಿ ಮಾಡಬಹುದು. ಪಿಕ್‌ಕಿಟ್ 2 ಇದ್ದರೆ ಅದರ ಸಾಫ್ಟ್‌ವೇರ್‌ನಲ್ಲಿ ಆಸ್ಕ್‌ಕ್ಯಾಲ್ ಅನ್ನು ತಾನೇ ಅಳೆದು ಮತ್ತೆ ಬರೆಯುವ ಅವಕಾಶ ಇದೆ. ಇಲ್ಲದಿದ್ದರೆ ಕೈಯಲ್ಲೇ ಮಾಡಿ. ಒಂದು ಕಾಲಿನಲ್ಲಿ 1 ಕಿಲೋಹರ್ಟ್ಸ್ ಚೌಕ ಅಲೆ ಬರುವ ಸಣ್ಣ ಪ್ರೋಗ್ರಾಂ ಹಾಕಿ, ಫ್ರೀಕ್ವೆನ್ಸಿ ತೋರಿಸುವ ಮಲ್ಟಿಮೀಟರ್ ಇಡಿ. ಆಸ್ಕ್‌ಕ್ಯಾಲ್ ಬೆಲೆಯನ್ನು ನಾಲ್ಕು ನಾಲ್ಕರಂತೆ ಏರಿಸಿ ಇಳಿಸಿ, ಯಾಕಂದರೆ ಕೆಳಗಿನ ಎರಡು ಬಿಟ್‌ಗೆ ಕೆಲಸ ಇಲ್ಲ. 1000ಕ್ಕೆ ಹತ್ತಿರ ಬಂದ ಬೆಲೆಯನ್ನು 3ಎಫ್ಎಫ್‌ನಲ್ಲಿ 34 ಜೊತೆ ಸೇರಿಸಿ ಬರೆಯಿರಿ, ಬೆಲೆ 8ಸಿ ಆಗಿದ್ದರೆ 348ಸಿ. ಇನ್ನು ಮುಂದೆ ಅಳಿಸುವ ಮೊದಲು ಓದಿ, ಆ ಸಂಖ್ಯೆಯನ್ನು ಚಿಪ್‌ಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡಿ. ಕಾನ್ಫಿಗರೇಷನ್ ವರ್ಡ್‌ನ ಮೇಲಿನ ಎರಡು ಬಿಟ್‌ಗಳನ್ನೂ ಬರೆದುಕೊಳ್ಳಿ, ಬ್ರೌನ್‌ಔಟ್ (ವೋಲ್ಟೇಜ್ ಕುಸಿದಾಗ ಚಿಪ್ ತಾನೇ ರೀಸೆಟ್ ಆಗುವುದು) ಯಾವ ವೋಲ್ಟೇಜ್‌ಗೆ ಆಗಬೇಕು ಅನ್ನುವುದು ಅವುಗಳ ಮೇಲೆ ನಿಂತಿದೆ.

ಹಳೇ 12ಸಿ508ರ ಕಿಟಕಿ ಚಿಪ್‌ನಲ್ಲೂ ಇದೇ ಕಥೆ. ಯುವಿಗೆ ಇಟ್ಟರೆ ಆಸಿಲೇಟರ್‌ನ ಸಂಖ್ಯೆಯೂ ಹೋಗುತ್ತದೆ. ಇನ್ನೊಂದು ವಿಷಯ, ಕಿಟಕಿ ಇರುವ ಪಿಕ್‌ಗೆ ಕೋಡ್ ಪ್ರೊಟೆಕ್ಟ್ (ಪ್ರೋಗ್ರಾಂ ಯಾರೂ ಓದದಂತೆ ಹಾಕುವ ಲಾಕ್) ಯಾವತ್ತೂ ಹಾಕಬೇಡಿ. ಮೈಕ್ರೋಚಿಪ್ ಕಂಪನಿಯೇ ತನ್ನ ಡೇಟಾಶೀಟ್‌ನಲ್ಲಿ ಬೇಡ ಅಂದಿದೆ. ಆ ಬಿಟ್ ಯುವಿಗೆ ಬಗ್ಗದೇ ಹೋದರೆ ಅಳಿಸುವ ಚಿಪ್ ಕೂಡ ಒಟಿಪಿ ಆಗಿಬಿಡುತ್ತದೆ.

ಈಗ ಅಂಗಡಿಯವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಪಡೌಕ್ ಕಂಪನಿಯ ಪಿಎಂಎಸ್150ಸಿ ತಗೊಳ್ಳಿ, ಒಂದು ಕಿಲೋವರ್ಡ್ ಒಟಿಪಿ, 64 ಬೈಟ್ ರ‍್ಯಾಮ್, ದೊಡ್ಡ ಲಾಟ್‌ನಲ್ಲಿ ಸುಮಾರು 3 ಅಮೆರಿಕನ್ ಸೆಂಟ್‌ಗೆ ಸಿಗುತ್ತಿದ್ದ ಚಿಪ್. ಎಲ್ಇಡಿ ಸರ, ಟೂತ್‌ಬ್ರಷ್, ಆಟಿಕೆ ಮಾಡುವ ಕಂಪನಿಗೆ ಅದು ಬಂಗಾರ. ಅವರು ಲಕ್ಷಗಟ್ಟಲೆ ಮಾಡುತ್ತಾರೆ, ಪ್ರೋಗ್ರಾಂ ಒಂದು ಸಲ ನಿಂತರೆ ಮತ್ತೆ ಮುಟ್ಟುವುದಿಲ್ಲ.

ನಿಮ್ಮ ಲೆಕ್ಕ ಬೇರೆ. ಒಂದು ಚಿಪ್‌ಗೆ 8 ರೂಪಾಯಿ ಉಳಿಯಿತು ಅಂತ ಇಟ್ಟುಕೊಳ್ಳಿ, ಇನ್ನೂರು ಕಾರ್ಡ್‌ಗೆ 1,600 ರೂಪಾಯಿ. ವರ್ಷದ ಉಳಿತಾಯ ಅಷ್ಟೇ. ಡ್ರೈ ರನ್ ಕಾರ್ಡ್ ಅಂದರೆ ಊರಿಂದ ಊರಿಗೆ ಬದಲಾಗುವ ವಸ್ತು. ನಾಲೆ ಪಕ್ಕದ ತೆರೆದ ಬಾವಿಯಲ್ಲಿ ಒಂದು ಥರ ಕರೆಂಟ್ ಎಳೆಯುತ್ತದೆ, ಆಳದ ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಇನ್ನೊಂದು ಥರ. ಒಬ್ಬ ರೈತರು ಬಂದು, ನೀರು ಇದ್ದರೂ ಟ್ರಿಪ್ ಆಗುತ್ತದೆ, ಸ್ವಲ್ಪ ತಡ ಮಾಡಿ ಟ್ರಿಪ್ ಆಗಲಿ ಅಂದರೆ, ಫ್ಲ್ಯಾಶ್ ಚಿಪ್ ಆದರೆ ಅಲ್ಲೇ ಲ್ಯಾಪ್‌ಟಾಪ್ ಚುಚ್ಚಿ ಬದಲಿಸಿ ಕೊಡುತ್ತೀರಿ. ಒಟಿಪಿ ಆದರೆ ಬೆಸುಗೆ ಬಿಡಿಸಿ ಹೊಸ ಚಿಪ್ ಹಾಕಬೇಕು. ಹತ್ತು ಕಾರ್ಡ್ ಹೀಗೆ ಬಂದರೆ ಉಳಿದ ದುಡ್ಡು ಪೆಟ್ರೋಲಿಗೇ ಸಾಲದು.

ಒಟಿಪಿಗೆ ಇನ್ನೊಂದು ಕೊರತೆಯಿದೆ, ಅಂಗಡಿಯಲ್ಲಿ ಯಾರೂ ಹೇಳಲ್ಲ. ಪ್ಲಾಸ್ಟಿಕ್ ಒಳಗೆ ಸೇರಿದ ಮೇಲೆ ಪ್ರತಿ ಬಿಟ್ ಬರೆಯಲು ಬರುತ್ತದಾ ಅಂತ ಫ್ಯಾಕ್ಟರಿಯವರಿಗೂ ಪೂರ್ತಿ ಪರೀಕ್ಷಿಸಲು ಆಗಲ್ಲ, ಪರೀಕ್ಷಿಸಿದರೆ ಚಿಪ್ ಖರ್ಚಾಗಿಹೋಗುತ್ತದೆ. ಹಾಗಾಗಿ ಬರೆಯುವಾಗ ಕೆಲವು ಫೇಲ್ ಆಗುವುದು ಸಹಜ. ಕಾರ್ಡ್‌ಗೆ ಬೆಸೆದ ಮೇಲೆ ಬರೆಯುವ ಪದ್ಧತಿ ನಿಮ್ಮದಾಗಿದ್ದರೆ ಅದು ದೊಡ್ಡ ತಲೆನೋವು.

ಈಗಾಗಲೇ ಒಟಿಪಿ ಪಿಕ್ ಒಂದಷ್ಟು ಕೊಂಡಿದ್ದರೆ ಬಿಸಾಡಬೇಡಿ. 1 ಅನ್ನು 0 ಮಾಡಬಹುದು ಅಂದೆನಲ್ಲ. ಪಿಕ್‌ನಲ್ಲಿ ಎಲ್ಲ ಬಿಟ್ ಸೊನ್ನೆ ಆದರೆ ಅದು ಎನ್ಒಪಿ, ಏನೂ ಮಾಡದೆ ಮುಂದೆ ಹೋಗು ಅನ್ನುವ ಆದೇಶ. 8051ರಲ್ಲೂ 00 ಅಂದರೆ ಎನ್ಒಪಿಯೇ. ಆದ್ದರಿಂದ ಪ್ರೋಗ್ರಾಂನ ಶುರುವಿನಲ್ಲಿ ಒಂದು ಗೋಟು (ಇಂಥ ಜಾಗಕ್ಕೆ ಹಾರು ಅನ್ನುವ ಆದೇಶ) ಹಾಕಿ, ಅದರ ಮುಂದೆ ಮೂರು ನಾಲ್ಕು ಜಾಗ ಖಾಲಿ ಬಿಡಿ. ತಪ್ಪು ಸಿಕ್ಕಿದರೆ ಆ ಗೋಟು ಮೇಲೆ ಸೊನ್ನೆ ಬರೆದು ಎನ್ಒಪಿ ಮಾಡಿ, ಮುಂದಿನ ಖಾಲಿ ಜಾಗದಲ್ಲಿ ಹೊಸ ಗೋಟು ಬರೆದು, ಮೆಮೊರಿಯ ಖಾಲಿ ಭಾಗಕ್ಕೆ ಕಳಿಸಿ. ಅಲ್ಲಿ ಹೊಸ ಪ್ರೋಗ್ರಾಂ ಇಡಿ. ಪ್ರೋಗ್ರಾಂ ಅರ್ಧ ಮೆಮೊರಿಗಿಂತ ಚಿಕ್ಕದಿರಬೇಕು, ಕೋಡ್ ಪ್ರೊಟೆಕ್ಟ್ ಹಾಕಿರಬಾರದು. ಇದರಿಂದ ಒಂದು ಲಾಟ್ ಉಳಿಸಿಕೊಳ್ಳಬಹುದು. ಆದರೆ ಇದನ್ನು ನಂಬಿ ಹೊಸ ಲಾಟ್ ಕೊಳ್ಳಬೇಡಿ.

ಅಗ್ಗವೇ ಬೇಕು ಅಂದರೆ ಫ್ಲ್ಯಾಶ್‌ನಲ್ಲೂ ಈಗ ಅಗ್ಗದ್ದು ಇದೆ. ಸಿಎಚ್32ವಿ003ರಲ್ಲಿ 16 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್. ಪಡೌಕ್‌ನಲ್ಲೇ ಮತ್ತೆ ಬರೆಯಬಹುದಾದ ಪಿಎಫ್ಎಸ್154 ಇದೆ. ನೀವು ಎಟಿಮೆಗಾಗೆ ಒಗ್ಗಿದ್ದೀರಿ, ಅದರಲ್ಲೇ ಇರಿ ಅಂತ ನನ್ನ ಸಲಹೆ. ಕೈಗೆ ಒಗ್ಗಿದ ಚಿಪ್‌ನಲ್ಲಿ ತಪ್ಪು ಬೇಗ ಕಾಣಿಸುತ್ತದೆ.

ಕೊನೆಯ ಪ್ರಶ್ನೆ. ಚಿಪ್ ಡೂಪ್ಲಿಕೇಟ್ ಅಂತ ಅನುಮಾನ ಪಡುವ ಮೊದಲು ಒಂದು ಗುಣಾಕಾರ ಮಾಡಿ. ಎಟಿಮೆಗಾ328ಪಿ ಇಇಪ್ರಾಂನ ಒಂದು ಬೈಟ್ ಅನ್ನು 1,00,000 ಸಲ ಬರೆಯಬಹುದು ಅಂತ ಡೇಟಾಶೀಟ್ ಹೇಳುತ್ತದೆ. ಫ್ಲ್ಯಾಶ್‌ಗೆ 10,000 ಸಲ. ಪ್ರತಿ ಸಲ ಬರೆದಾಗಲೂ ಎಲೆಕ್ಟ್ರಾನ್‌ಗಳು ಆ ತೆಳು ಆಕ್ಸೈಡ್ ದಾಟಿ ಹೋಗಬೇಕು, ದಾಟಿದಷ್ಟೂ ಅದು ಸವೆಯುತ್ತದೆ. ನಿಮ್ಮ ಕಾರ್ಡ್ ನಿಮಿಷಕ್ಕೊಮ್ಮೆ ಬರೆಯುತ್ತದೆ. ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಇದ್ದು ಪಂಪ್ ಅಷ್ಟೂ ಹೊತ್ತು ಓಡಿದರೆ ದಿನಕ್ಕೆ 420 ಸಲ. ಒಂದು ಲಕ್ಷವನ್ನು 420ರಿಂದ ಭಾಗಿಸಿ, 238 ದಿನ. ಹತ್ತಿರ ಹತ್ತಿರ ಎಂಟು ತಿಂಗಳು! ನೀವು ಹೇಳಿದ ಅವಧಿಗೆ ಸರಿಯಾಗಿ ಕೂರುತ್ತದೆ, ಅಲ್ವಾ? ಲಕ್ಷ ಅನ್ನುವುದು ಕಂಪನಿ ಮಾತು ಕೊಟ್ಟಿರುವ ಸಂಖ್ಯೆ. ಅದು ದಾಟಿದ ದಿನವೇ ಕೆಡುತ್ತದೆ ಅಂತೇನಿಲ್ಲ, ಕೆಲವು ಜಾಸ್ತಿ ಬಾಳುತ್ತವೆ. ಅದಕ್ಕೇ ಎಲ್ಲ ಕಾರ್ಡ್ ವಾಪಸ್ ಬಂದಿಲ್ಲ.

ಆದರೆ ಕರೆಂಟ್ ಹೋಗುವ ಕ್ಷಣವೂ ಕಾರಣ ಇರಬಹುದು. ಇಇಪ್ರಾಂಗೆ ಒಂದು ಬೈಟ್ ಬರೆಯಲು 3 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟರಲ್ಲಿ ವೋಲ್ಟೇಜ್ ಕುಸಿದರೆ ಅರ್ಧ ಬರೆದ ಬೈಟ್ ಉಳಿಯುತ್ತದೆ. ಕೆಲವೊಮ್ಮೆ ಕಡಿಮೆ ವೋಲ್ಟೇಜ್‌ನಲ್ಲಿ ಚಿಪ್ ದಾರಿ ತಪ್ಪಿ ತಾನೇ ಏನೋ ಬರೆದುಬಿಡುತ್ತದೆ. ಎರಡರಲ್ಲಿ ಯಾವುದು ಅಂತ ಪತ್ತೆ ಮಾಡುವುದು ಸುಲಭ. ಕೆಟ್ಟ ಕಾರ್ಡ್‌ನ ಇಇಪ್ರಾಂ ಓದಿ. ಆ ಲೆಕ್ಕದ ಬೈಟ್‌ಗಳಿಗೆ ಮೊದಲು ಎಫ್ಎಫ್, ಆಮೇಲೆ 00 ಬರೆದು ವಾಪಸ್ ಓದಿ, ರಾತ್ರಿ ಇಟ್ಟು ಬೆಳಗ್ಗೆ ಮತ್ತೆ ಓದಿ. ಬರೆದದ್ದು ನಿಲ್ಲದಿದ್ದರೆ ಸವೆದಿದೆ. ಗಟ್ಟಿಯಾಗಿ ನಿಂತರೆ ಕರೆಂಟ್ ಹೋಗುವಾಗ ಕೆಟ್ಟಿರುವುದೇ ಹೆಚ್ಚು. ಲೆಕ್ಕದ ನಾಲ್ಕು ಬೈಟ್‌ನಲ್ಲಿ ಕೆಳಗಿನ ಒಂದೇ ಬೈಟ್ ಕೆಟ್ಟಿದ್ದರೆ ಸವೆತವೇ, ಯಾಕಂದರೆ ಬದಲಾದ ಬೈಟ್ ಮಾತ್ರ ಬರೆಯುವ ಲೈಬ್ರರಿಯಲ್ಲಿ ಪ್ರತಿ ನಿಮಿಷ ಬರೆಯುವುದು ಅದನ್ನೇ.

ಎರಡಕ್ಕೂ ಮದ್ದು ಒಟ್ಟಿಗೆ ಹಾಕಿಬಿಡಿ. ಬ್ರೌನ್‌ಔಟ್ ಫ್ಯೂಸ್ ಬಿಟ್ (ಚಿಪ್‌ನ ಮೂಲ ಸೆಟ್ಟಿಂಗ್) ಅನ್ನು 4.3 ವೋಲ್ಟ್‌ಗೆ ಇಡಿ, ಅದಕ್ಕಿಂತ ಕೆಳಗೆ ಹೋದರೆ ಚಿಪ್ ರೀಸೆಟ್‌ನಲ್ಲಿ ನಿಲ್ಲುತ್ತದೆ, ಹುಚ್ಚಾಟ ಇಲ್ಲ. ಲೆಕ್ಕ ಇಡಲು ಒಂದರ ಬದಲು 16 ಜಾಗ ಮಾಡಿ, ಒಂದಾದ ಮೇಲೊಂದರಂತೆ ಸುತ್ತಿ ಬರೆಯಿರಿ. ಪ್ರತಿ ಜಾಗದಲ್ಲಿ ನಾಲ್ಕು ಬೈಟ್ ಲೆಕ್ಕ, ಒಂದು ಬೈಟ್ ಚೆಕ್‌ಸಮ್ (ಬರೆದದ್ದು ಸರಿ ಇದೆಯಾ ಅಂತ ತಾಳೆ ನೋಡುವ ಮೊತ್ತ), ಒಟ್ಟು 80 ಬೈಟ್. ಚಿಪ್‌ನಲ್ಲಿ 1024 ಇವೆ. ಶುರುವಾಗುವಾಗ ಎಲ್ಲ 16 ಓದಿ, ಚೆಕ್‌ಸಮ್ ಸರಿ ಇರುವವುಗಳಲ್ಲಿ ದೊಡ್ಡ ಸಂಖ್ಯೆ ಹುಡುಕಿ, ಅದೇ ಕೊನೆಯ ಲೆಕ್ಕ. ಒಂದು ಬರಹ ಅರ್ಧಕ್ಕೆ ನಿಂತರೂ ಹಿಂದಿನ ನಿಮಿಷದ್ದು ಕ್ಷೇಮ. 238 ದಿನ ಈಗ 10 ವರ್ಷ ದಾಟುತ್ತದೆ. ನಿಮಿಷದ ಬದಲು ಕಾಲು ಗಂಟೆಗೊಮ್ಮೆ ಬರೆದರೆ ಇನ್ನೂ ಒಳ್ಳೆಯದು, ರೈತರಿಗೆ ಹತ್ತು ನಿಮಿಷ ಹೆಚ್ಚು ಕಡಿಮೆ ಆದರೆ ಏನೂ ಆಗಬೇಕಿಲ್ಲ. ಸವೆತದ ಚಿಂತೆಯೇ ಬೇಡ ಅನ್ನುವವರಿಗೆ ಎಫ್‌ರ‍್ಯಾಮ್ ಇರುವ ಎಂಎಸ್‌ಪಿ430ಎಫ್ಆರ್ ಚಿಪ್‌ಗಳಿವೆ, ಆದರೆ ನಿಮ್ಮ ಕೆಲಸಕ್ಕೆ ಅಷ್ಟು ದುಬಾರಿ ಬೇಕಿಲ್ಲ.

ಪ್ರೋಗ್ರಾಂ ಇರುವ ಫ್ಲ್ಯಾಶ್ ಬಗ್ಗೆ ಹೆದರಬೇಡಿ. ನೀವು ಅದಕ್ಕೆ ಜೀವಮಾನದಲ್ಲಿ ಹತ್ತಿಪ್ಪತ್ತು ಸಲ ಬರೆಯಬಹುದು, 10,000 ದೂರದ ಮಾತು. ಬರೆದದ್ದು 85 ಡಿಗ್ರಿ ಬಿಸಿಯಲ್ಲೂ 20 ವರ್ಷ ನಿಲ್ಲುತ್ತದೆ ಅಂತ ಡೇಟಾಶೀಟ್ ಹೇಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾದ ತಗಡಿನ ಡಬ್ಬಿಯೂ ಅಷ್ಟು ಬಿಸಿ ಆಗಲ್ಲ. ಒಂದೇ ಎಚ್ಚರಿಕೆ. ಆರ್ಡುಯಿನೊ ಬೋರ್ಡ್‌ನಿಂದ ಕಲಿತವರು ಬೂಟ್‌ಲೋಡರ್ ಸಮೇತ ಚಿಪ್ ಹಾಕಿ ಮಾರುತ್ತಾರೆ. ಬೂಟ್‌ಲೋಡರ್ ಅಂದರೆ ಫ್ಲ್ಯಾಶ್‌ಗೆ ಬರೆಯಬಲ್ಲ ಪ್ರೋಗ್ರಾಂ. ಕಾಂಟ್ಯಾಕ್ಟರ್ ಬಡಿದಾಗಲೆಲ್ಲ ನಾಯ್ಸ್ ಎದ್ದೇಳುವ ಡಬ್ಬಿಯಲ್ಲಿ ಚಿಪ್ ದಾರಿ ತಪ್ಪಿ ಆ ಭಾಗಕ್ಕೆ ನುಗ್ಗಿದರೆ ನಿಮ್ಮ ಪ್ರೋಗ್ರಾಂ ಮೇಲೆಯೇ ಬರೆಯುವ ಅಪಾಯ ಇದೆ. ಮಾರುವ ಕಾರ್ಡ್‌ನಲ್ಲಿ ಬೂಟ್‌ಲೋಡರ್ ತೆಗೆಯಿರಿ, ಐಎಸ್‌ಪಿ (ಚಿಪ್ ಕಾರ್ಡ್‌ನಲ್ಲೇ ಇರುವಾಗ ಪ್ರೋಗ್ರಾಮರ್‌ನಿಂದ ಬರೆಯುವ ದಾರಿ) ಮೂಲಕ ನೇರ ಬರೆದು ಲಾಕ್ ಬಿಟ್ ಹಾಕಿ.

ಹಾಗೆ ಲಾಕ್ ಹಾಕಿದ ಚಿಪ್‌ಗೆ ಮತ್ತೆ ಬರೆಯಬೇಕಾದರೆ ಚಿಪ್ ಪೂರ್ತಿ ಅಳಿಸಲೇಬೇಕು, ಆಗ ಇಇಪ್ರಾಂ ಕೂಡ ಅಳಿಸುತ್ತದೆ. ರೈತರ ಸೆಟ್ಟಿಂಗ್, ಓಡಿದ ಗಂಟೆ ಎಲ್ಲ ಹೋಗುತ್ತದೆ. ಅದನ್ನು ಉಳಿಸಲು ಇಇಸೇವ್ ಅಂತ ಒಂದು ಫ್ಯೂಸ್ ಬಿಟ್ ಇದೆ, ಅದನ್ನು ಆನ್ ಮಾಡಿಡಿ. ಅದರ ಹತ್ತಿರವೇ ಇರುವ ರೀಸೆಟ್ ಡಿಸೇಬಲ್ ಬಿಟ್ ಮಾತ್ರ ಮುಟ್ಟಬೇಡಿ. ಅದನ್ನು ಹಾಕಿದರೆ ಐಎಸ್‌ಪಿ ಕೆಲಸ ಮಾಡಲ್ಲ, 12 ವೋಲ್ಟ್ ಕೊಡುವ ಬೇರೆ ಪ್ರೋಗ್ರಾಮರ್ ಹುಡುಕಿಕೊಂಡು ಓಡಾಡಬೇಕಾಗುತ್ತದೆ. ಕಾರ್ಡ್‌ನಲ್ಲಿ ಆರು ಕಾಲಿನ ಐಎಸ್‌ಪಿ ಹೆಡರ್‌ಗೆ ಜಾಗ ಬಿಡಿ, ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕೈಗೆ ಸಿಗುವ ಕಡೆ.